ಆರೈಕೆ ಮಾಡುವವರಿಗೂ ಬೇಕು ಆಸರೆ: ಬೊರಿವಲಿಯಲ್ಲಿ ಅಲ್ಪಾವಧಿ ಆರೈಕೆ ವಸತಿಯ ಅಗತ್ಯ

ಮುಂಬಯಿಯ ತುಳು-ಕನ್ನಡಿಗರ ಸಂಘ-ಸಂಸ್ಥೆಗಳ ವಾರ್ಷಿಕ ವರದಿಗಳನ್ನು ತೆರೆದು ನೋಡಿದರೆ ವಿದ್ಯಾರ್ಥಿವೇತನ, ಆರೋಗ್ಯ ತಪಾಸಣಾ ಶಿಬಿರ, ವೈದ್ಯಕೀಯ ನೆರವು, ಹಿರಿಯರ ಸನ್ಮಾನ ಮೊದಲಾದ ಕಾರ್ಯಗಳ ವಿವರ ಧಾರಾಳವಾಗಿ ದೊರೆಯುತ್ತದೆ. ಇವೆಲ್ಲವೂ ಶ್ಲಾಘನೀಯ. ಆದರೆ ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣಸಿಗದ ಒಂದು ಅಗತ್ಯವಿದೆ. ಹಾಸಿಗೆ ಹಿಡಿದ ಪತಿಯನ್ನೋ, ಮರೆಗುಳಿ ಕಾಯಿಲೆಯ ಅತ್ತೆಯನ್ನೋ, ಬೌದ್ಧಿಕ ನ್ಯೂನತೆಯುಳ್ಳ ಪ್ರಾಯದ ಮಗನನ್ನೋ ವರ್ಷಗಟ್ಟಲೆ ನೋಡಿಕೊಳ್ಳುತ್ತಿರುವ ಗೃಹಿಣಿಗೆ ತಾನೇ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಗಿದೆ ಎನ್ನೋಣ. ಅಥವಾ ಊರಿನಲ್ಲಿ ತಮ್ಮನ ಉತ್ತರಕ್ರಿಯೆಗೆ ಹೋಗಬೇಕಾಗಿದೆ ಎನ್ನೋಣ. ಆ ಹತ್ತು ದಿನ ರೋಗಿಯನ್ನು ಎಲ್ಲಿ, ಯಾರ ಬಳಿ ಬಿಡಬೇಕು? ಈ ಪ್ರಶ್ನೆಗೆ ಬೊರಿವಲಿಯಂತಹ ದೊಡ್ಡ ಉಪನಗರದಲ್ಲಿಯೂ ಹೆಚ್ಚಿನ ಕುಟುಂಬಗಳ ಬಳಿ ಉತ್ತರವಿಲ್ಲ. ಹೀಗಾಗಿ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗುತ್ತದೆ, ಊರಿನ ಪ್ರಯಾಣ ರದ್ದಾಗುತ್ತದೆ.

ಈ ಕೊರತೆಯನ್ನು ತುಂಬುವ ವ್ಯವಸ್ಥೆಯನ್ನು ಬಿಡುವಿನ ಆರೈಕೆ ಎನ್ನಬಹುದು. ಮನೆಯವರಿಗೆ ಬಿಡುವು ದೊರೆಯಲೆಂದು ರೋಗಿಯನ್ನು ಕೆಲವು ದಿನ ಅಥವಾ ಕೆಲವು ವಾರಗಳ ಮಟ್ಟಿಗೆ ತರಬೇತಾದ ಸಿಬ್ಬಂದಿಯಿರುವ ವಸತಿ ಕೇಂದ್ರದಲ್ಲಿರಿಸಿ, ನಿಗದಿತ ದಿನದಂದು ಮನೆಗೆ ಕರೆತರುವುದು ಇದರ ಸ್ವರೂಪ. ಇದು ವೃದ್ಧಾಶ್ರಮವಲ್ಲ, ಆಸ್ಪತ್ರೆಯೂ ಅಲ್ಲ. ರೋಗಿಯು ಮನೆಗೆ ಮರಳುವುದೇ ಇದರ ಮೂಲ ಉದ್ದೇಶ. ಮನೆಯ ಆರೈಕೆ ಕುಸಿಯದೆ ಮುಂದುವರಿಯಲೆಂದೇ ಈ ಏರ್ಪಾಡು.

ಊರಿನ ಮನೆ ನಿರ್ವಹಿಸಿದ ಪಾತ್ರ

ನಮ್ಮ ಸಮಾಜಕ್ಕೆ ಬಿಡುವಿನ ಆರೈಕೆ ಎಂಬುದು ಸಂಪೂರ್ಣ ಹೊಸದೇನಲ್ಲ. ಹಿಂದಿನ ತಲೆಮಾರಿನಲ್ಲಿ ಈ ಕೆಲಸವನ್ನು ಊರಿನ ಮನೆ ಮಾಡುತ್ತಿತ್ತು. ಮುಂಬಯಿಯ ಒಂದು ಕೋಣೆಯ ಬಿಡಾರದಲ್ಲಿ ಕಾಯಿಲೆ ಬಿದ್ದವರನ್ನು ಉಡುಪಿ, ಮಂಗಳೂರು, ಕುಂದಾಪುರ, ಕಾಸರಗೋಡು ಕಡೆಯ ಕುಟುಂಬದ ಮನೆಗೆ ಕಳುಹಿಸುವುದು ವಾಡಿಕೆಯಾಗಿತ್ತು. ಅಲ್ಲಿ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಅತ್ತಿಗೆ ಎಂದು ನಾಲ್ಕಾರು ಜನ ಹೆಂಗಸರಿದ್ದರು. ಗಂಜಿ ಕುಡಿಸುವವರು ಒಬ್ಬರಾದರೆ ಎಣ್ಣೆ ಹಚ್ಚಿ ಮೀಯಿಸುವವರು ಇನ್ನೊಬ್ಬರು. ಭಾರ ಹಂಚಿಹೋಗುತ್ತಿದ್ದುದರಿಂದ ಅದು ಯಾರೊಬ್ಬರ ಜೀವನವನ್ನೂ ಪೂರ್ತಿಯಾಗಿ ನುಂಗುತ್ತಿರಲಿಲ್ಲ.

ಇಂದು ಆ ಮನೆಗಳ ಸ್ಥಿತಿ ಎಲ್ಲರಿಗೂ ತಿಳಿದದ್ದೇ. ಹಲವು ಮನೆಗಳಿಗೆ ಬೀಗ ಬಿದ್ದಿದೆ. ಉಳಿದವುಗಳಲ್ಲಿ ವಯಸ್ಸಾದ ಒಬ್ಬಿಬ್ಬರು ತಮ್ಮ ದಿನವನ್ನೇ ಕಷ್ಟದಿಂದ ಕಳೆಯುತ್ತಿದ್ದಾರೆ. ಅವರ ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ಇದ್ದಾರೆ. 1998ರ ಜನವರಿಯಲ್ಲಿ ಕೊಂಕಣ ರೈಲು ಮಾರ್ಗವು ಪೂರ್ಣವಾಗಿ ಆರಂಭವಾದ ಮೇಲೆ ಊರು ನಮಗೆ ಒಂದು ರಾತ್ರಿಯ ಪ್ರಯಾಣದಷ್ಟು ಹತ್ತಿರವಾಯಿತು. ಆದರೆ ರೋಗಿಯನ್ನು ಕರೆದೊಯ್ದರೆ ಬಾಗಿಲು ತೆರೆದು ಒಳಗೆ ಕರೆದುಕೊಳ್ಳುವ ಕೈಗಳು ಅಲ್ಲಿ ಕಡಿಮೆಯಾಗಿವೆ.

ಇತ್ತ ಬೊರಿವಲಿ, ದಹಿಸರ್, ಕಾಂದಿವಲಿ ಪರಿಸರದಲ್ಲಿ ಸ್ವಂತ ಮನೆ ಮಾಡಿಕೊಂಡ ಕನ್ನಡಿಗರಲ್ಲಿ ಅನೇಕರು ಹೊಟೇಲು, ಬ್ಯಾಂಕು, ಗಿರಣಿ, ಸರಕಾರಿ ಕಚೇರಿಗಳಲ್ಲಿ ದುಡಿದು ನಿವೃತ್ತರಾದವರು. ಅಂದು ಕಟ್ಟಿದ ಮೂರ್ನಾಲ್ಕು ಮಾಳಿಗೆಯ ಸೊಸೈಟಿ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲದವು ಎಷ್ಟೋ ಇವೆ. ಪಾರ್ಶ್ವವಾಯು ಪೀಡಿತರಾದವರು ಮೂರನೆಯ ಮಾಳಿಗೆಯಿಂದ ತಿಂಗಳುಗಟ್ಟಲೆ ಕೆಳಗಿಳಿಯುವುದಿಲ್ಲ. ಅವರನ್ನು ನೋಡಿಕೊಳ್ಳುವವರೂ ಬಹುತೇಕ ಇಳಿಯುವುದಿಲ್ಲ. ಹಳೆಯ ಕಟ್ಟಡವು ಪುನರಭಿವೃದ್ಧಿಗೆ ಹೋದಾಗಲಂತೂ ಬಾಡಿಗೆ ಮನೆಯ ಸ್ಥಳಾಂತರದ ನಡುವೆ ರೋಗಿಯನ್ನು ಒಂದು ವಾರ ಇರಿಸಲು ಸುರಕ್ಷಿತ ಜಾಗವಿಲ್ಲದೆ ಕುಟುಂಬಗಳು ಪರದಾಡುತ್ತವೆ.

ಭಾರ ಯಾರ ಮೇಲೆ?

2011ರ ಜನಗಣತಿಯಲ್ಲಿ ಭಾರತದ 60 ವರ್ಷ ಮೀರಿದವರ ಸಂಖ್ಯೆ ಸುಮಾರು 10.4 ಕೋಟಿ, ಅಂದರೆ ಜನಸಂಖ್ಯೆಯ ಶೇ. 8.6 ಆಗಿತ್ತು. ಮರೆಗುಳಿ ಕಾಯಿಲೆಯ ಬಗ್ಗೆ ದೇಶಾದ್ಯಂತ ನಡೆದ, 2023ರಲ್ಲಿ ಪ್ರಕಟವಾದ ಅಧ್ಯಯನವು 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆಯೆಂದು ಅಂದಾಜಿಸಿದೆ. ಈ ಕಾಯಿಲೆಯವರಲ್ಲಿ ಅನೇಕರು ರಾತ್ರಿ ಎದ್ದು ಓಡಾಡುತ್ತಾರೆ, ಬಾಗಿಲು ತೆರೆದು ಹೊರಟುಬಿಡುತ್ತಾರೆ. ಹಗಲಿನ ದುಡಿಮೆಯ ಮೇಲೆ ರಾತ್ರಿಯ ನಿದ್ರೆಯೂ ಇಲ್ಲವಾದಾಗ ನೋಡಿಕೊಳ್ಳುವವರ ರಕ್ತದೊತ್ತಡ, ಬೆನ್ನುನೋವು, ಖಿನ್ನತೆ ಹೆಚ್ಚುವುದು ಸಹಜ.

ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 41 ಮಂದಿ ಮನೆಯವರ ಪಾಲನೆಯಲ್ಲಿ ತೊಡಗಿದ್ದು, ದಿನಕ್ಕೆ ಸರಾಸರಿ 140 ನಿಮಿಷ ಅದಕ್ಕಾಗಿ ವ್ಯಯಿಸುತ್ತಾರೆ. ಪುರುಷರಲ್ಲಿ ಈ ಪ್ರಮಾಣ ಶೇ. 21.4, ಸಮಯ 74 ನಿಮಿಷ. ಮಕ್ಕಳ ಪಾಲನೆಯೂ ಇದರಲ್ಲಿ ಸೇರಿದೆ. ಅರವತ್ತು ದಾಟಿದ ಪತ್ನಿ ಎಪ್ಪತ್ತು ದಾಟಿದ ಪತಿಯನ್ನು ಎತ್ತಿ ಕೂರಿಸುವ ದುಡಿಮೆ ಈ ವಯೋಮಿತಿಯ ಲೆಕ್ಕದೊಳಗೆ ಬರುವುದೇ ಇಲ್ಲ. ನಮ್ಮ ಸಂಘಗಳ ಸದಸ್ಯ ಕುಟುಂಬಗಳಲ್ಲಿ ಇಂತಹ ದಂಪತಿಗಳೇ ಹೆಚ್ಚುತ್ತಿದ್ದಾರೆ ಎಂಬುದನ್ನು ಗಮನಿಸಬೇಕು.

ಇಂದು ಲಭ್ಯವಿರುವ ದಾರಿಗಳು

ಸದ್ಯ ಕುಟುಂಬಗಳು ಮೂರು ದಾರಿಗಳನ್ನು ಅವಲಂಬಿಸಿವೆ. ಮೊದಲನೆಯದು ಬ್ಯೂರೋದಿಂದ ಬರುವ ಆಯಾ ಅಥವಾ ವಾರ್ಡ್ ಬಾಯ್. ಇವರಲ್ಲಿ ಪ್ರಾಮಾಣಿಕರು, ಶ್ರಮಜೀವಿಗಳು ಬಹಳಷ್ಟಿದ್ದಾರೆ. ಆದರೆ ಮನೆಯವರು ಯಾರೂ ಇಲ್ಲದ ಮನೆಯಲ್ಲಿ ರೋಗಿಯನ್ನೂ ಕೀಲಿಕೈಯನ್ನೂ ಹೊಸಬರೊಬ್ಬರಿಗೆ ಒಪ್ಪಿಸಿ ಹೋಗಲು ಧೈರ್ಯ ಸಾಲುವುದಿಲ್ಲ. ಅವರು ಒಂದು ದಿನ ಬಾರದಿದ್ದರೆ ಗತಿಯೇನು ಎಂಬ ಚಿಂತೆಯೂ ಇರುತ್ತದೆ. ಎರಡನೆಯದು, ಚಿಕಿತ್ಸೆಯ ಅಗತ್ಯ ಅಷ್ಟಾಗಿ ಇಲ್ಲದಿದ್ದರೂ ನರ್ಸಿಂಗ್ ಹೋಮಿಗೆ ಸೇರಿಸುವುದು. ಇದು ದುಬಾರಿ ಮಾತ್ರವಲ್ಲ, ವೃದ್ಧರಿಗೆ ಸೋಂಕಿನ ಅಪಾಯವನ್ನೂ ತರುತ್ತದೆ. ಮೂರನೆಯದು ವೃದ್ಧಾಶ್ರಮ. ಹೆಚ್ಚಿನ ವೃದ್ಧಾಶ್ರಮಗಳು ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರನ್ನು ದೀರ್ಘಕಾಲಕ್ಕೆ ಸೇರಿಸಿಕೊಳ್ಳುತ್ತವೆಯೇ ಹೊರತು ಹಾಸಿಗೆ ಹಿಡಿದವರನ್ನು ಎರಡು ವಾರಕ್ಕೆಂದು ಒಪ್ಪಿಕೊಳ್ಳುವುದು ವಿರಳ.

ಆರೋಗ್ಯ ವಿಮೆ ಈ ವಿಷಯದಲ್ಲಿ ನೆರವಾಗುವುದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಪ್ರಮಾಣೀಕರಿಸಿದ, ಪಾಲಿಸಿಯ ವ್ಯಾಪ್ತಿಯಿಂದ ಹೊರಗಿಡಬಹುದಾದ ವೆಚ್ಚಗಳ ಪಟ್ಟಿಯಲ್ಲಿ ಬಿಡುವಿನ ಆರೈಕೆಯು ಹೆಸರಿಸಿಯೇ ಸೇರಿದೆ. ಸ್ನಾನ, ಉಡುಪು, ನಡೆದಾಟಗಳಿಗೆ ನೆರವಾಗುವ ಆರೈಕೆಯು ಮನೆಯಲ್ಲಾಗಲಿ ಕೇಂದ್ರದಲ್ಲಾಗಲಿ ನಡೆದರೂ ಆ ಷರತ್ತಿನ ಪ್ರಕಾರ ಖರ್ಚು ಸಿಗದು. ಪಾಲಿಸಿಯ ಪುಟಗಳಲ್ಲಿ ‘ಎಕ್ಸ್‌ಕ್ಲೂಷನ್ 05’ ಎಂಬ ಸಂಕೇತದಡಿ ಇದನ್ನು ಓದಬಹುದು. ಆಯುಷ್ಮಾನ್ ಭಾರತ ಯೋಜನೆಯನ್ನು 2024ರಲ್ಲಿ 70 ವರ್ಷ ದಾಟಿದ ಎಲ್ಲರಿಗೂ ವಿಸ್ತರಿಸಿ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗಿನ ರಕ್ಷಣೆ ನೀಡಿರುವುದು ಸ್ವಾಗತಾರ್ಹವಾದರೂ ಅದು ಆಸ್ಪತ್ರೆಯ ಚಿಕಿತ್ಸೆಗೆ ಸೀಮಿತವಾಗಿದೆ.

ಕಾನೂನುಗಳಿವೆ, ನಡುವೆ ಅಂತರವೂ ಇದೆ

ಕಾನೂನು ಈ ಸಮಸ್ಯೆಯನ್ನು ಪೂರ್ತಿ ಮರೆತಿದೆ ಎನ್ನಲಾಗದು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ ಹಾಗೂ ಬಹುವಿಧ ಅಂಗವೈಕಲ್ಯವುಳ್ಳವರಿಗಾಗಿ ರಚಿತವಾದುದು. ಈ ನ್ಯಾಸದ ‘ಸಮರ್ಥ್’ ಯೋಜನೆಯು ಬಿಡುವಿನ ಆರೈಕೆಯ ವಸತಿಯನ್ನೇ ಗುರಿಯಾಗಿಟ್ಟುಕೊಂಡಿತ್ತು. ಅನಂತರ ಅದನ್ನು ವಯಸ್ಕರ ವಸತಿಯ ‘ಘರೌಂದಾ’ ಯೋಜನೆಯೊಡನೆ ಜೋಡಿಸಲಾಯಿತು. ನೋಂದಾಯಿತ ಸ್ವಯಂಸೇವಾ ಸಂಸ್ಥೆಗಳ ಮೂಲಕವೇ ಇಂತಹ ಯೋಜನೆ ನಡೆಯುವುದರಿಂದ, ಸಂಸ್ಥೆ ಮುಂದೆ ಬಾರದ ಪ್ರದೇಶಕ್ಕೆ ಅದು ತಲುಪುವುದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ 24ನೆಯ ಕಲಮು ಹೆಚ್ಚಿನ ಬೆಂಬಲ ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆಯನ್ನು ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಆಶ್ರಯ ವಸತಿ, ಬೆಂಬಲಿತ ವಸತಿಗಳನ್ನು ಸರಕಾರ ಒದಗಿಸಬೇಕಾದ ಸೇವೆಗಳಲ್ಲಿ ಸೇರಿಸಿದೆ. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗೆ ಸಂಬಂಧಿಸಿದ 2007ರ ಕಾಯಿದೆಯು ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಸಾಲುವ ಒಂದು ವೃದ್ಧಾಶ್ರಮದ ಸ್ಥಾಪನೆಯನ್ನು ಪ್ರಸ್ತಾಪಿಸುತ್ತದೆ.

ಆದರೆ ಮಧ್ಯಮ ವರ್ಗದ ಕುಟುಂಬವೊಂದರಲ್ಲಿ 58ರ ಪ್ರಾಯದ ಗೃಹಸ್ಥರೊಬ್ಬರು ಪಾರ್ಶ್ವವಾಯುವಿನಿಂದ ಮಲಗಿದ್ದಾರೆ ಎಂದಿಟ್ಟುಕೊಳ್ಳಿ. ಅವರು ನಿರ್ಗತಿಕರಲ್ಲ, ಹಿರಿಯ ನಾಗರಿಕರೂ ಅಲ್ಲ, ರಾಷ್ಟ್ರೀಯ ನ್ಯಾಸದ ನಾಲ್ಕು ವರ್ಗಗಳಿಗೂ ಸಾಮಾನ್ಯವಾಗಿ ಸೇರುವುದಿಲ್ಲ. ಅಂಗವೈಕಲ್ಯದ ಪ್ರಮಾಣಪತ್ರ ಪಡೆದರೂ ಅವರ ಪತ್ನಿಗೆ ಎರಡು ವಾರದ ಬಿಡುವು ಕೊಡುವ ಹಾಸಿಗೆ ಆ ಕಾಗದದಿಂದ ಹುಟ್ಟುವುದಿಲ್ಲ. ಕಾನೂನುಗಳೆಲ್ಲ ರೋಗಿಯ ವಯಸ್ಸು, ರೋಗ, ಆದಾಯಗಳನ್ನು ಕೇಳುತ್ತವೆ. ನೋಡಿಕೊಳ್ಳುವವರು ಎಷ್ಟು ದಿನದಿಂದ ನಿದ್ರೆ ಮಾಡಿಲ್ಲ ಎಂದು ಕೇಳುವ ಕಲಮು ಅವುಗಳಲ್ಲಿಲ್ಲ.

ಇತರೆಡೆಯ ಅನುಭವ

ಜರ್ಮನಿ 1995ರಲ್ಲಿ ಆರೈಕೆ ವಿಮೆಯನ್ನು ಕಡ್ಡಾಯಗೊಳಿಸಿತು. ಅದರಡಿ ಅಲ್ಪಾವಧಿ ವಸತಿ ಆರೈಕೆಯನ್ನು ವರ್ಷಕ್ಕೆ ಎಂಟು ವಾರಗಳವರೆಗೆ ಪಡೆಯಬಹುದು. ಜಪಾನಿನಲ್ಲಿ 2000ದ ಏಪ್ರಿಲಿನಿಂದ ಜಾರಿಯಲ್ಲಿರುವ ದೀರ್ಘಕಾಲಿಕ ಆರೈಕೆ ವಿಮೆಗೆ 40 ದಾಟಿದವರೆಲ್ಲರೂ ಕಂತು ಕಟ್ಟುತ್ತಾರೆ. ‘ಶಾರ್ಟ್ ಸ್ಟೇ’ ಎಂಬ ಕೆಲವು ದಿನಗಳ ವಸತಿ ಅಲ್ಲಿನ ಜನಸಾಮಾನ್ಯರಿಗೆ ಪರಿಚಿತ ಸೇವೆ. ನಮ್ಮಲ್ಲಿ ಅಂತಹ ವಿಮೆ ಸದ್ಯಕ್ಕೆ ದೂರದ ಮಾತು.

ನಮಗೆ ಹತ್ತಿರದ ಉದಾಹರಣೆ ಕೇರಳದ್ದು. 2008ರಲ್ಲಿ ಉಪಶಾಮಕ ಆರೈಕೆಗೆ ರಾಜ್ಯನೀತಿ ರೂಪಿಸಿದ ಅಲ್ಲಿ ಪಂಚಾಯತಿನ ಮಟ್ಟದಲ್ಲಿ ದಾದಿಯರು, ಸ್ವಯಂಸೇವಕರು ಹಾಸಿಗೆ ಹಿಡಿದವರ ಮನೆಗೇ ತೆರಳುತ್ತಾರೆ. ‘ಆಶ್ವಾಸಕಿರಣಂ’ ಯೋಜನೆಯಡಿ ಆರೈಕೆದಾರರಿಗೆ ತಿಂಗಳಿಗೆ 600 ರೂಪಾಯಿ ನಿಗದಿಯಾಗಿದೆ. ಮೊತ್ತ ಸಣ್ಣದಾದರೂ ಆರೈಕೆ ಮಾಡುವವರನ್ನು ಸರಕಾರ ಲೆಕ್ಕಕ್ಕೆ ತೆಗೆದುಕೊಂಡದ್ದು ಸಣ್ಣ ವಿಷಯವಲ್ಲ. ಬೆಂಗಳೂರಿನಲ್ಲಿ 1998ರಲ್ಲಿ ಸ್ಥಾಪನೆಗೊಂಡ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಕಸ್ತೂರಿನಗರದಲ್ಲಿ ಮರೆಗುಳಿ ಕಾಯಿಲೆಯವರಿಗಾಗಿ ವಸತಿ ಕೇಂದ್ರ ತೆರೆದು, ಅಲ್ಪಾವಧಿಯ ವಾಸ್ತವ್ಯಕ್ಕೂ ಅವಕಾಶ ಕಲ್ಪಿಸಿತು.

ಮುಂಬಯಿಯೂ ಈ ಕ್ಷೇತ್ರದಲ್ಲಿ ಹಿಂದಿಲ್ಲ. ದೇಶದ ಮೊದಲ ಹಾಸ್ಪಿಸ್ ಎನಿಸಿದ ಶಾಂತಿ ಆವೇದನಾ ಸದನವು 1986ರಲ್ಲಿ ಬಾಂದ್ರಾದಲ್ಲಿ ಆರಂಭವಾಯಿತು. ಅಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳ ಶುಶ್ರೂಷೆ ನಡೆಯುತ್ತದೆ. ಬೊರಿವಲಿಯಿಂದ ಅದೇ ಪಶ್ಚಿಮ ರೈಲು ಮಾರ್ಗದಲ್ಲಿ ಉತ್ತರಕ್ಕಿರುವ ನಾಲಾಸೋಪಾರದಲ್ಲಿ ಸಿಲ್ವರ್ ಇನಿಂಗ್ಸ್ ಬಳಗವು ಮರೆಗುಳಿ ಕಾಯಿಲೆಯ ಹಿರಿಯರಿಗಾಗಿ ‘ಸ್ನೇಹಾಂಜಲಿ’ ಎಂಬ ವಸತಿಯನ್ನು ಕಟ್ಟಿತು. ನಮ್ಮದೇ ಸಮುದಾಯದ ಬಿ.ಎಸ್.ಕೆ.ಬಿ. ಅಸೋಸಿಯೇಶನ್ ನೆರೂಲಿನಲ್ಲಿ ‘ಆಶ್ರಯ’ ಎಂಬ ಹಿರಿಯರ ನಿವಾಸವನ್ನು ನಿರ್ಮಿಸಿ, ಮುಂಬಯಿ ಕನ್ನಡಿಗರು ಇಂತಹ ಕಾರ್ಯವನ್ನು ಮಾಡಬಲ್ಲರು ಎಂಬುದನ್ನು ತೋರಿಸಿಕೊಟ್ಟಿದೆ.

ಹತ್ತಿರವೇ ಏಕೆ?

ನೆರೂಲಿನಲ್ಲಿರುವುದು ಬೊರಿವಲಿಗೂ ಸಾಲದೇ ಎಂದು ಕೇಳಬಹುದು. ಶಾಶ್ವತವಾಗಿ ನೆಲೆಸುವವರಿಗೆ ದೂರ ಅಷ್ಟು ಮುಖ್ಯವಾಗದಿರಬಹುದು. ಹತ್ತು ದಿನದ ವಾಸ್ತವ್ಯಕ್ಕೆ ದೂರವೇ ನಿರ್ಣಾಯಕ. ನಡೆಯಲಾಗದವರನ್ನು ಆಂಬುಲೆನ್ಸಿನಲ್ಲಿ ನಗರದ ಇನ್ನೊಂದು ತುದಿಗೆ ಒಯ್ದು ಮರಳಿ ತರುವ ದಣಿವು, ಖರ್ಚುಗಳೇ ಬಿಡುವಿನ ಅರ್ಧ ಪಾಲನ್ನು ನುಂಗುತ್ತವೆ. ಹತ್ತಿರವಿದ್ದರೆ ಮಗ ಕೆಲಸದಿಂದ ಬರುವಾಗ ಬೊರಿವಲಿ ನಿಲ್ದಾಣದಲ್ಲಿಳಿದು ತಂದೆಯನ್ನು ನೋಡಿ ಮನೆಗೆ ಹೋಗಬಹುದು. ರೋಗಿಯ ಇತಿಹಾಸ ಬಲ್ಲ ಕುಟುಂಬ ವೈದ್ಯರೇ ಬಂದು ನೋಡಬಹುದು.

ಭಾಷೆಯ ಪ್ರಶ್ನೆಯೂ ಇದೆ. ಮರೆಗುಳಿ ಕಾಯಿಲೆಯಲ್ಲಿ ಅನಂತರ ಕಲಿತ ಭಾಷೆಗಳು ಮೊದಲು ಮಸುಕಾಗಿ ಬಾಲ್ಯದ ನುಡಿ ಉಳಿಯುವುದು ಅನೇಕರಲ್ಲಿ ಕಂಡುಬರುವ ಸಂಗತಿ. ಐವತ್ತು ವರ್ಷ ಹಿಂದಿ, ಮರಾಠಿಯಲ್ಲಿ ವ್ಯವಹಾರ ನಡೆಸಿದವರು ಕೊನೆಗೆ ತುಳುವಿನಲ್ಲೋ ಕುಂದಗನ್ನಡದಲ್ಲೋ ಮಾತ್ರ ನೀರು ಕೇಳಬಹುದು. ಆ ಮಾತು ತಿಳಿಯುವ ಒಬ್ಬ ಸಿಬ್ಬಂದಿ, ಕುಚ್ಚಲಕ್ಕಿಯ ಗಂಜಿ, ಸಂಜೆ ಕೇಳುವ ಒಂದು ಭಜನೆ, ಇವು ಅವರ ತಳಮಳವನ್ನು ತಗ್ಗಿಸಬಲ್ಲವು.

ಸಂಘಗಳು ಏನು ಮಾಡಬಹುದು?

ಇಲ್ಲಿ ಮೊದಲು ಕಟ್ಟಡದ ಯೋಚನೆ ಬೇಕಿಲ್ಲ. ಬೊರಿವಲಿಯ ಜಾಗದ ಬೆಲೆಯಲ್ಲಿ ಆ ದಾರಿ ಹಿಡಿದರೆ ದೇಣಿಗೆ ಸಂಗ್ರಹದಲ್ಲೇ ಹತ್ತು ವರ್ಷ ಕಳೆದುಹೋದೀತು. ಬೊರಿವಲಿ-ದಹಿಸರ್ ಪರಿಸರದಲ್ಲಿ ಈಗಾಗಲೇ ನೋಂದಣಿ ಪಡೆದು ನಡೆಯುತ್ತಿರುವ ಆರೈಕೆ ಕೇಂದ್ರವೊಂದರೊಡನೆ ಒಪ್ಪಂದ ಮಾಡಿಕೊಂಡು, ಕೆಲವು ಹಾಸಿಗೆಗಳನ್ನು ವರ್ಷದ ಮಟ್ಟಿಗೆ ಕಾಯ್ದಿರಿಸುವುದು ಸುಲಭದ ಮೊದಲ ಹೆಜ್ಜೆ. ನಾಲ್ಕು ಹಾಸಿಗೆ ಎಂದರೆ ವರ್ಷಕ್ಕೆ 1,460 ಹಾಸಿಗೆ-ದಿನ. ಅವುಗಳಲ್ಲಿ ಮೂರನೆಯ ಎರಡು ಭಾಗ ಬಳಕೆಯಾದರೂ, ಒಂದು ಕುಟುಂಬಕ್ಕೆ 14 ದಿನದಂತೆ ಸುಮಾರು 70 ಕುಟುಂಬಗಳಿಗೆ ವರ್ಷಕ್ಕೊಮ್ಮೆ ಬಿಡುವು ದೊರೆಯುತ್ತದೆ. ಖರ್ಚಿನ ಒಂದು ಪಾಲನ್ನು ಕುಟುಂಬವೇ ಭರಿಸಿ ಉಳಿದುದನ್ನು ಸಂಘದ ನಿಧಿ ಕೊಡುವಂತಾದರೆ, ಶಕ್ತರಿಗೂ ಅಶಕ್ತರಿಗೂ ಸಂಕೋಚವಿಲ್ಲದ ವ್ಯವಸ್ಥೆಯಾಗುತ್ತದೆ.

ಕೇಂದ್ರದ ಆಯ್ಕೆಯಲ್ಲಿ ಕೆಲವು ವಿಚಾರಗಳನ್ನು ಕಟ್ಟುನಿಟ್ಟಾಗಿ ನೋಡಬೇಕು. ರಾತ್ರಿಯ ಪಾಳಿಯಲ್ಲಿ ಎಷ್ಟು ಜನ ಎಚ್ಚರವಿರುತ್ತಾರೆ? ಬಿದ್ದು ಪೆಟ್ಟಾದರೆ ಯಾವ ಆಸ್ಪತ್ರೆಗೆ, ಯಾರು ಕರೆದೊಯ್ಯುತ್ತಾರೆ? ಮನೆಯವರು ಮುನ್ಸೂಚನೆ ಇಲ್ಲದೆ ಭೇಟಿ ನೀಡಬಹುದೇ? ರೋಗಿಯನ್ನು ಕಟ್ಟಿಹಾಕುವ, ನಿದ್ರೆಯ ಮಾತ್ರೆ ಕೊಟ್ಟು ಮಲಗಿಸುವ ರೂಢಿಯಿದೆಯೇ? ಮಾನಸಿಕ ಆರೋಗ್ಯ ಕಾಯಿದೆಯ ವ್ಯಾಖ್ಯೆಯಲ್ಲಿ ನೆನಪಿನ ಹಾಗೂ ಸ್ಥಳ-ಕಾಲಗಳ ಅರಿವಿನ ತೀವ್ರ ದೋಷಗಳೂ ಬರುವುದರಿಂದ, ಅಂತಹ ರೋಗಿಗಳನ್ನು ಇರಿಸಿಕೊಳ್ಳುವ ಕೇಂದ್ರದ ನೋಂದಣಿಯನ್ನು ವಕೀಲರಿಂದ ಪರಿಶೀಲಿಸಿಕೊಳ್ಳುವುದು ಕ್ಷೇಮ. ನಮ್ಮ ಸಮಾಜದಲ್ಲಿ ವೈದ್ಯರಿಗೂ ವಕೀಲರಿಗೂ ನಿವೃತ್ತ ದಾದಿಯರಿಗೂ ಕೊರತೆಯಿಲ್ಲ. ಅವರ ಐದಾರು ಜನರ ಸಮಿತಿಯೊಂದು ತಿಂಗಳಿಗೊಮ್ಮೆ ಕೇಂದ್ರಕ್ಕೆ ಭೇಟಿಯಿತ್ತು ವರದಿ ಕೊಡುವಂತಾಗಬೇಕು.

ಕುಟುಂಬಗಳೂ ಸಿದ್ಧತೆ ಮಾಡಿಕೊಳ್ಳಬೇಕು. ಪರಿಚಿತವಲ್ಲದ ಜಾಗದಲ್ಲಿ ಮರೆಗುಳಿ ಕಾಯಿಲೆಯವರ ಗೊಂದಲ ಹೆಚ್ಚುವುದುಂಟು. ಆದುದರಿಂದ ಮೊದಲು ಒಂದು ಹಗಲು, ಬಳಿಕ ಒಂದು ರಾತ್ರಿ, ಅನಂತರ ಮೂರು ದಿನ ಎಂದು ಹಂತ ಹಂತವಾಗಿ ರೂಢಿ ಮಾಡಿಸುವುದು ಒಳ್ಳೆಯದು. ಔಷಧಗಳ ವೇಳೆ, ಅಲರ್ಜಿ, ಊಟದ ಕ್ರಮ, ಕರೆಯುವ ಹೆಸರು, ಹೆದರುವ ವಿಷಯ, ಸಮಾಧಾನಗೊಳ್ಳುವ ಮಾತು, ಇವುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಡಬೇಕು. ಅವರ ಹೊದಿಕೆ, ಜಪಮಾಲೆ, ಹಳೆಯ ಛಾಯಾಚಿತ್ರ ಜೊತೆಗಿರಲಿ.

ಎರಡು ಆಕ್ಷೇಪಗಳು

ಬಿಟ್ಟುಹೋದವರು ಮರಳಿ ಕರೆದೊಯ್ಯದಿದ್ದರೆ ಎಂಬ ಭಯ ಸಂಘದ ಪದಾಧಿಕಾರಿಗಳಿಗೆ ಇರುವುದು ಸಹಜ. ಹೊರಡುವ ದಿನವನ್ನು ಲಿಖಿತವಾಗಿ ಮೊದಲೇ ನಿಗದಿಪಡಿಸಿ, ಇನ್ನೊಬ್ಬ ಬಂಧುವನ್ನು ಜವಾಬ್ದಾರರನ್ನಾಗಿ ಹೆಸರಿಸಿಕೊಂಡರೆ ಈ ಅಪಾಯ ಬಹಳಷ್ಟು ತಗ್ಗುತ್ತದೆ. ಹಿರಿಯರನ್ನು ತೊರೆದುಬಿಡುವುದು 2007ರ ಕಾಯಿದೆಯ ಪ್ರಕಾರ ಶಿಕ್ಷಾರ್ಹ ಅಪರಾಧವೂ ಹೌದು.

ಇನ್ನೊಂದು ಆಕ್ಷೇಪ ಮನೆಯೊಳಗಿನದು. ಹೆತ್ತವರನ್ನು ಹೊರಗಿಟ್ಟರು ಎಂದು ಜನ ಆಡಿಕೊಂಡಾರು ಎಂಬ ಅಳುಕು ನಮ್ಮಲ್ಲಿ ಬಲವಾಗಿದೆ. ಆಡಿಕೊಳ್ಳುವವರು ಒಂದು ರಾತ್ರಿ ಬಂದು ಕುಳಿತುಕೊಳ್ಳುವುದಿಲ್ಲ ಎಂಬುದೂ ಎಲ್ಲರಿಗೆ ತಿಳಿದಿದೆ. ನೋಡಿಕೊಳ್ಳುವವರೇ ಕುಸಿದುಬಿದ್ದರೆ ಒಂದು ಮನೆಯಲ್ಲಿ ಇಬ್ಬರು ರೋಗಿಗಳಾಗುತ್ತಾರೆ. ಅಂಗವಿಕಲ ಮಕ್ಕಳ ತಂದೆ-ತಾಯಿಯರಿಗಂತೂ ತಮ್ಮ ನಂತರ ಮಗುವಿನ ಗತಿಯೇನು ಎಂಬ ಚಿಂತೆ ಸದಾ ಇರುತ್ತದೆ. ತಾವು ಬದುಕಿರುವಾಗಲೇ ವರ್ಷಕ್ಕೆರಡು ವಾರ ಬೇರೆಯವರ ಕೈಯಲ್ಲಿ ಉಣ್ಣಲು, ಮಲಗಲು ಆ ಮಗುವನ್ನು ರೂಢಿಸುವುದು ನಾಳೆಗೆ ಮಾಡಬಹುದಾದ ದೊಡ್ಡ ಉಪಕಾರ.

ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ ಹುಟ್ಟಿಕೊಂಡಾಗ ಈ ನಗರಕ್ಕೆ ಬರಿಗೈಯಲ್ಲಿ ಬಂದ ಹುಡುಗರಿಗೆ ಆಸರೆ ಬೇಕಾಗಿತ್ತು. ಹಗಲು ಹೊಟೇಲಿನಲ್ಲಿ ದುಡಿದವರಿಗಾಗಿ ಕನ್ನಡಿಗರು ರಾತ್ರಿ ಶಾಲೆಗಳನ್ನು ನಡೆಸಿದರು. ಆ ಶಾಲೆಗಳಲ್ಲಿ ಕಲಿತು ಮೇಲೆ ಬಂದವರಲ್ಲಿ ಎಷ್ಟೋ ಮಂದಿ ಇಂದು ಉಪನಗರಗಳ ಮನೆಗಳಲ್ಲಿ ಇತರರ ಆರೈಕೆಯಲ್ಲಿದ್ದಾರೆ. ಪ್ರತಿಯೊಂದು ಸಂಘವೂ ಪ್ರತ್ಯೇಕವಾಗಿ ಈ ಕಾರ್ಯಕ್ಕೆ ಇಳಿದರೆ ಯಾರಿಗೂ ಪೂರೈಸದು. ಬೊರಿವಲಿ ಪರಿಸರದ ಸ್ಥಳೀಯ ಸಮಿತಿಗಳು, ದೇವಸ್ಥಾನಗಳು, ಭಜನಾ ಮಂಡಳಿಗಳು ಒಂದಾಗಿ, ತಮ್ಮ ಸದಸ್ಯರ ಮನೆಗಳಲ್ಲಿ ಸದಾ ಆರೈಕೆಯಲ್ಲಿರುವವರು ಎಷ್ಟು ಜನ, ಅವರನ್ನು ನೋಡಿಕೊಳ್ಳುವವರ ವಯಸ್ಸೆಷ್ಟು, ಅವರು ಕೊನೆಯ ಬಾರಿ ಮನೆಯಿಂದ ಹೊರಗೆ ಒಂದು ರಾತ್ರಿ ಕಳೆದದ್ದು ಯಾವಾಗ ಎಂಬ ಮೂರು ಪ್ರಶ್ನೆಗಳ ಸಮೀಕ್ಷೆಯನ್ನು ಮೊದಲು ನಡೆಸಲಿ. ಮುಂದಿನ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ ಅದರ ಉತ್ತರಗಳು ಚರ್ಚೆಗೆ ಬರಲಿ. ಹಾಸಿಗೆ ಎರಡೋ ನಾಲ್ಕೋ ಎಂಬುದನ್ನು ಆ ಸಭೆಯೇ ನಿರ್ಧರಿಸಲಿ.